ಗೇರು ಗುಡ್ಡೆಗಳ ರೋಗ, ಸಂಶೋಧನಾ ಪತ್ರಿಕೆಯ ಪುಟ: ಪುತ್ತೂರು–ಕಡಬ ಸೀಮೆಯ ಒಂದು ವೈದ್ಯಕೀಯ ಇತಿಹಾಸ

ಒಂದು ಊರಿನ ಜನ ರೋಗದಿಂದ ನರಳುವುದಕ್ಕೂ ಆ ನರಳಿಕೆ ವೈದ್ಯಶಾಸ್ತ್ರದ ಅಧಿಕೃತ ತಿಳಿವಳಿಕೆಯಾಗಿ ದಾಖಲಾಗುವುದಕ್ಕೂ ನಡುವೆ ಕೆಲವೊಮ್ಮೆ ತಿಂಗಳುಗಳ, ಕೆಲವೊಮ್ಮೆ ದಶಕಗಳ ಅಂತರವಿರುತ್ತದೆ. ಈ ಅಂತರವನ್ನು ದಾಟಿಸುವ ಸಾಧನಗಳಲ್ಲಿ ವೈದ್ಯಕೀಯ ಸಂಶೋಧನಾ ಪತ್ರಿಕೆ ಮುಖ್ಯವಾದುದು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನೂ ಅವಕ್ಕೆ ತಾಗಿಕೊಂಡಿರುವ ಬೆಳ್ತಂಗಡಿಯ ದಕ್ಷಿಣ ಭಾಗವನ್ನೂ ಕಾಸರಗೋಡಿನ ಕನ್ನಡ ಗ್ರಾಮಗಳನ್ನೂ ಒಳಗೊಂಡ ಗುಡ್ಡಗಾಡು ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಕಾಣಿಸಿಕೊಂಡ ಎರಡು ಸಂಕಟಗಳು ಈ ಅಂತರದ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಒಂದು ಮಂಗನ ಕಾಯಿಲೆ, ಇನ್ನೊಂದು ಎಂಡೋಸಲ್ಫಾನ್ ಎಂಬ ಕೀಟನಾಶಕದ ದುಷ್ಪರಿಣಾಮ. ಎರಡರ ಹಿನ್ನೆಲೆಯಲ್ಲಿಯೂ ಗೇರು ನೆಡುತೋಪುಗಳಿದ್ದವು. ಆದರೆ ಸಂಶೋಧನಾ ಪತ್ರಿಕೆಯ ಪುಟವನ್ನು ಅವು ತಲುಪಿದ ಬಗೆಯಲ್ಲಿ ಅಜಗಜಾಂತರವಿತ್ತು.

ವೈದ್ಯಕೀಯ ಸಂಶೋಧನಾ ಪತ್ರಿಕೆ ಎಂದರೆ ರೋಗ, ಚಿಕಿತ್ಸೆ ಮತ್ತು ಆರೋಗ್ಯದ ಕುರಿತು ಹೊಸದಾಗಿ ಕಂಡುಕೊಂಡ ಸಂಗತಿಗಳನ್ನು, ಅವನ್ನು ಕಂಡುಕೊಂಡ ವಿಧಾನದ ಪೂರ್ಣ ವಿವರದೊಡನೆ, ಇತರ ವೈದ್ಯರೂ ವಿಜ್ಞಾನಿಗಳೂ ಪರೀಕ್ಷಿಸಲು ಅನುವಾಗುವಂತೆ ಪ್ರಕಟಿಸುವ ನಿಯತಕಾಲಿಕ. ಭಾರತದಲ್ಲಿ ಈ ಪರಂಪರೆಗೆ ಶತಮಾನ ದಾಟಿದೆ: 1911ರಲ್ಲಿ ಸ್ಥಾಪನೆಯಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ 1913ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' ಪತ್ರಿಕೆಯನ್ನು ಆರಂಭಿಸಿತು; ಸ್ವಾತಂತ್ರ್ಯಾನಂತರ ಆ ಸಂಸ್ಥೆಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಗಿ ಪತ್ರಿಕೆಯನ್ನು ಮುಂದುವರಿಸಿತು. ಇಂತಹ ಪತ್ರಿಕೆಗಳ ಒಂದು ವರ್ಷದ ಸಂಚಿಕೆಗಳೆಲ್ಲ ಸೇರಿ ಒಂದು ಸಂಪುಟವಾಗುವುದು ವಾಡಿಕೆ. ಆ ವರ್ಷದುದ್ದಕ್ಕೂ ಸಂಪಾದಕರ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಹಲವು ಮೊದಲ ಓದಿನಲ್ಲೇ ತಿರಸ್ಕೃತವಾಗುತ್ತವೆ. ಉಳಿದವು ಅದೇ ವಿಷಯದಲ್ಲಿ ಪರಿಣತರಾದ, ಸಾಮಾನ್ಯವಾಗಿ ಹೆಸರು ಬಹಿರಂಗಪಡಿಸದ ವಿಮರ್ಶಕರ ಬಳಿಗೆ ಹೋಗುತ್ತವೆ. ಸಮಾನಸ್ಕಂಧರ ವಿಮರ್ಶೆ ಎಂದು ಕರೆಯಲಾಗುವ ಈ ಹಂತದಲ್ಲಿ ಅಳತೆ ಸರಿಯೇ, ಹೋಲಿಕೆ ನ್ಯಾಯವೇ, ತೀರ್ಮಾನಕ್ಕೆ ಅಂಕಿಗಳ ಬಲವಿದೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ಲೇಖಕರು ಉತ್ತರ ಕೊಟ್ಟು ತಿದ್ದಿದ ಮೇಲೆ ಲೇಖನ ಅಚ್ಚಾಗುತ್ತದೆ. ಅಚ್ಚಾದ ಬಳಿಕ ಓದುಗರ ಆಕ್ಷೇಪಣೆಗಳೂ ಲೇಖಕರ ಸಮಾಧಾನಗಳೂ ಅದೇ ಪತ್ರಿಕೆಯ ಪತ್ರವಿಭಾಗದಲ್ಲಿ ಬರುತ್ತವೆ. ಆದುದರಿಂದ ಪ್ರಕಟಣೆಯು ಚರ್ಚೆಯ ಮುಕ್ತಾಯವಲ್ಲ. ಬಹಿರಂಗ ಪರೀಕ್ಷೆಯ ಆರಂಭ.

ಈ ವ್ಯವಸ್ಥೆ ಎಷ್ಟು ಚುರುಕಾಗಿ ಕೆಲಸ ಮಾಡಬಲ್ಲುದು ಎಂಬುದಕ್ಕೆ ಮಂಗನ ಕಾಯಿಲೆಯ ಶೋಧ ಉತ್ತಮ ನಿದರ್ಶನ. 1957ರ ಬೇಸಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಕಾಡಿಗೆ ಹೋಗಿ ಬರುತ್ತಿದ್ದ ಜನರಿಗೆ ತೀವ್ರ ಜ್ವರ ಬಂತು. ಮಂಗಗಳ ಸಾವಿನಿಂದಾಗಿ ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಭಯ ಹುಟ್ಟಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಸ್ಥಳಕ್ಕೆ ಧಾವಿಸಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ರೋಗಕಾರಕ ವೈರಸ್ಸನ್ನು ಬೇರ್ಪಡಿಸಿ, ಅದು ಉಣುಗುಗಳ ಮೂಲಕ ಹರಡುತ್ತದೆಂದು ಗುರುತಿಸಿದರು; ಪ್ರಾಥಮಿಕ ವರದಿ ಅದೇ ವರ್ಷ ಭಾರತದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಡಂಚಿನ ಹಳ್ಳಿಯ ಜ್ವರವೊಂದು ವರ್ಷ ಮುಗಿಯುವುದರೊಳಗೆ ಜಗತ್ತಿನ ವೈದ್ಯಶಾಸ್ತ್ರಕ್ಕೆ ಹೊಸ ರೋಗವಾಗಿ ಪರಿಚಯವಾಯಿತು.

ಕಾಲು ಶತಮಾನದ ಬಳಿಕ, 1982ರ ಹೊತ್ತಿಗೆ, ಇದೇ ಕಾಯಿಲೆ ದಕ್ಷಿಣ ಕನ್ನಡದಲ್ಲಿ ತಲೆಯೆತ್ತಿತು. ಇಂದಿನ ಕಡಬ ತಾಲೂಕಿನ ನೆರೆಯಲ್ಲಿರುವ ನಿಡ್ಲೆ, ಪಟ್ರಮೆ ಭಾಗದಲ್ಲಿ ಗೇರು ನೆಡುತೋಪಿಗಾಗಿ ದಟ್ಟ ಕಾಡನ್ನು ಕಡಿದ ಬೆನ್ನಿಗೆ ಮಂಗಗಳು ಸತ್ತು, ಜನರಿಗೆ ಜ್ವರ ಹರಡಿ, ಹಲವರು ಪ್ರಾಣ ಕಳೆದುಕೊಂಡರು. ಕಾಡು ಕಡಿಯುವುದಕ್ಕೂ ರೋಗ ಹರಡುವುದಕ್ಕೂ ಇರುವ ನಂಟನ್ನು ವಿವರಿಸುವಾಗ ಸಂಶೋಧಕರು ಇಂದಿಗೂ ಉಲ್ಲೇಖಿಸುವ ಪ್ರಕರಣಗಳಲ್ಲಿ ಇದೂ ಒಂದು. ಕಾಯಿಲೆಯ ಹೆಸರು, ವೈರಸ್ಸು, ಪರೀಕ್ಷೆಯ ವಿಧಾನ ಎಲ್ಲವೂ 1957ರಿಂದಲೇ ಪತ್ರಿಕೆಗಳಲ್ಲಿ ದಾಖಲಾಗಿದ್ದುದರಿಂದ, ಈ ಸಂಕಟವನ್ನು ಗುರುತಿಸಲು ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗಲಿಲ್ಲ.

ಕಾಡಿನ ಜಾಗದಲ್ಲಿ ಬೆಳೆದ ಗೇರು ತೋಪುಗಳ ಮುಂದಿನ ಕಥೆ ಬೇರೆಯದು. ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದ ಗೇರು, ಮುರಕಲ್ಲಿನ ಬೋಳು ಗುಡ್ಡೆಗಳಲ್ಲಿಯೂ ಬದುಕುವ ಬೆಳೆಯಾದ್ದರಿಂದ, ಇಲ್ಲಿ ಸಹಜವಾಗಿಯೇ ಬೇರೂರಿತು. ಕಾಸರಗೋಡಿನಲ್ಲಿ ಕೇರಳ ತೋಟಗಾರಿಕಾ ನಿಗಮವೂ ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಸಾವಿರಾರು ಎಕರೆಗಳಲ್ಲಿ ಏಕಬೆಳೆಯ ತೋಪುಗಳನ್ನು ನಿರ್ವಹಿಸಿದವು. ಬೆಳೆಯ ಸಂಶೋಧನೆಗಾಗಿ 1986ರಲ್ಲಿ ಪುತ್ತೂರಿನಲ್ಲಿಯೇ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಗೇರಿನ ಚಿಗುರು, ಹೂಗೊಂಚಲು ಮತ್ತು ಎಳೆಗಾಯಿಗಳ ರಸ ಹೀರಿ ಅವನ್ನು ಕರಟಿಸುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ಈ ಬೆಳೆಯ ಪ್ರಮುಖ ಶತ್ರು. ಅದನ್ನು ಹತೋಟಿಗೆ ತರಲು ನಿಗಮಗಳು ಎಂಡೋಸಲ್ಫಾನನ್ನು, ಅಂದರೆ ಕ್ಲೋರಿನ್ ಇರುವ, ಪರಿಸರದಲ್ಲಿ ನಿಧಾನವಾಗಿ ಕರಗುವ ಒಂದು ಕೀಟನಾಶಕವನ್ನು, ಹೆಲಿಕಾಪ್ಟರಿನಿಂದ ಸಿಂಪಡಿಸುವ ದಾರಿ ಹಿಡಿದವು. ಕಾಸರಗೋಡಿನಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ, ದಕ್ಷಿಣ ಕನ್ನಡದಲ್ಲಿ 1980ರ ದಶಕದಲ್ಲಿ ಆರಂಭವಾದ ವೈಮಾನಿಕ ಸಿಂಪಡಣೆ 2000ನೆಯ ಇಸವಿಯವರೆಗೆ ವರ್ಷಕ್ಕೆ ಹಲವು ಸಲ ನಡೆಯಿತು.

ಆಕಾಶದಿಂದ ಮದ್ದು ಬಿಡುವ ವಿಧಾನಕ್ಕೆ ನಿಯಮಗಳಿರಲಿಲ್ಲವೆಂದಲ್ಲ. ಮರಗಳ ತಲೆಯಿಂದ ಕೆಲವೇ ಅಡಿ ಎತ್ತರದಲ್ಲಿ ಹಾರಬೇಕು, ಸುತ್ತಲಿನ ಜಲಮೂಲಗಳನ್ನು ಮುಚ್ಚಿಡಬೇಕು, ಸಿಂಪಡಿಸಿದ ಜಾಗಕ್ಕೆ ದನಕರುಗಳನ್ನು ಬಿಡಬಾರದು ಎಂಬ ಸೂಚನೆಗಳಿದ್ದವು. ಆದರೆ ಈ ಸೀಮೆಯ ನೆಲದ ರಚನೆಯೇ ಆ ನಿಯಮಗಳಿಗೆ ಹೊಂದುವಂಥದ್ದಲ್ಲ. ಗೇರು ತೋಪುಗಳಿರುವುದು ಗುಡ್ಡೆಗಳ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಶಾಲೆಗಳಿರುವುದು ಕೆಳಗಿನ ಕಣಿವೆಯಲ್ಲಿ. ಏರುಪೇರಾದ ನೆಲದ ಮೇಲೆ ಹೆಲಿಕಾಪ್ಟರು ಎತ್ತರದಲ್ಲಿ ಹಾರಬೇಕಾದಾಗ ಗಾಳಿಗೆ ಸಿಕ್ಕಿದ ತುಂತುರು ತೋಪಿನ ಗಡಿಯಲ್ಲಿ ನಿಲ್ಲುವುದಿಲ್ಲ. ಕುಡಿಯುವ ನೀರಾದರೋ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ಅಂದರೆ ಒರತೆಯ ನೀರನ್ನು ಹೊರತರುವ ಕಿರಿದಾದ ಸುರಂಗಬಾವಿಗಳಿಂದ, ಹರಿದು ತೆರೆದ ಟಾಂಕಿಗಳಿಗೂ ತೋಡುಗಳಿಗೂ ಸೇರುತ್ತದೆ. ಬಾವಿಯ ಬಾಯಿಯನ್ನು ಮುಚ್ಚಬಹುದು. ಗುಡ್ಡದಿಂದ ಇಳಿಯುವ ತೋಡನ್ನು ಮುಚ್ಚುವ ಉಪಾಯ ಯಾರಲ್ಲಿಯೂ ಇರಲಿಲ್ಲ.

ಪುತ್ತೂರು ತಾಲೂಕಿನ ಗಡಿಗೆ ಹತ್ತಿರದಲ್ಲಿ, ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವಿದೆ. ಕನ್ನಡ, ತುಳು, ಮಲಯಾಳ ಬೆರೆತ ಈ ಗ್ರಾಮದ ವಾಣಿನಗರದಲ್ಲಿ 1980ರ ದಶಕದ ಆರಂಭದಿಂದ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಮಾನಸಿಕ ತೊಂದರೆ ಮತ್ತು ಕ್ಯಾನ್ಸರ್ ಅಸಹಜವೆನಿಸುವಷ್ಟು ಹೆಚ್ಚಿರುವುದನ್ನು ಗಮನಿಸಿದರು. ಯಾವ ಮನೆಯಲ್ಲಿ ಯಾವ ತೊಂದರೆ ಎಂದು ಗುರುತಿಸುತ್ತ ಹೋದಂತೆ, ಕೊಡೆಂಕೀರಿ ತೋಡಿನ ನೀರನ್ನು ಆಶ್ರಯಿಸಿದ ಮನೆಗಳಲ್ಲಿ ರೋಗ ದಟ್ಟವಾಗಿರುವುದು ಕಂಡಿತು. ಮೊದಲು ಅವರ ಸಂಶಯ ಹೋದದ್ದು ನೀರಿನಲ್ಲಿರಬಹುದಾದ ಲೋಹ ಅಥವಾ ವಿಕಿರಣದ ಕಡೆಗೆ; ಗುಡ್ಡದ ಮೇಲಿನ ಸಿಂಪಡಣೆಯ ಕಡೆಗೆ ದೃಷ್ಟಿ ಹೊರಳಿದ್ದು ಆಮೇಲೆ. 1990ರ ದಶಕದ ಉತ್ತರಾರ್ಧದಲ್ಲಿ ಅವರು 'ಕೇರಳ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ತಮ್ಮ ಅವಲೋಕನವನ್ನು ಬರೆದು, ತಜ್ಞರು ಬಂದು ತನಿಖೆ ನಡೆಸಬೇಕೆಂದು ಕೋರಿದರು. ಹಳ್ಳಿಯ ವೈದ್ಯರೊಬ್ಬರು ಸಂಶೋಧನಾ ಪತ್ರಿಕೆಯನ್ನು ಸಹಾಯ ಕೇಳುವ ಬಾಗಿಲಾಗಿ ಬಳಸಿದ ಈ ನಡೆ ವೈದ್ಯಕೀಯ ಇತಿಹಾಸದಲ್ಲಿ ಬಹಳ ಮುಖ್ಯವಾದುದು. ಆದರೆ ತಜ್ಞರ ಲೋಕದಿಂದ ಆಗ ಬರಬೇಕಿದ್ದ ಉತ್ತರ ಬರಲಿಲ್ಲ.

ಅದೇ ಗ್ರಾಮದ ಕೃಷಿಕ–ಪತ್ರಕರ್ತ ಶ್ರೀ ಪಡ್ರೆ ಇದಕ್ಕೂ ಮೊದಲೇ, ಅಂಗವಿಕಲ ಕರುಗಳ ಜನನವನ್ನು ಕಂಡು, ಸಿಂಪಡಣೆಯ ಅಪಾಯದ ಬಗ್ಗೆ ಬರೆಯತೊಡಗಿದ್ದರು. 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ 'ಅಡಿಕೆ ಪತ್ರಿಕೆ' ಮಾಸಿಕದ ಸಂಪಾದಕತ್ವವನ್ನು ವಹಿಸಿ, ಕೃಷಿಕರೇ ತಮ್ಮ ಅನುಭವವನ್ನು ಬರೆಯಬೇಕೆಂಬ ಪದ್ಧತಿಯನ್ನು ಬೆಳೆಸಿದವರೂ ಅವರೇ. ತಾನು ಕಂಡದ್ದನ್ನು ಕಂಡಷ್ಟೇ ಬರೆದು, ಬೇರೆಯವರ ಪರೀಕ್ಷೆಗೆ ಒಡ್ಡುವ ಈ ಶಿಸ್ತು ಸಂಶೋಧನಾ ಪತ್ರಿಕೆಯ ಮೂಲಗುಣವೂ ಹೌದು. ಪಡ್ರೆಯ ವೈದ್ಯರ ಪಟ್ಟಿಗೂ ಪುತ್ತೂರು ಸೀಮೆಯ ಕೃಷಿ ಬರವಣಿಗೆಗೂ ಈ ಅರ್ಥದಲ್ಲಿ ಒಂದೇ ನೆಲೆಯಿದೆ.

ಮಂಗನ ಕಾಯಿಲೆಗೆ ತಿಂಗಳುಗಳಲ್ಲಿ ದೊರೆತ ಮನ್ನಣೆ ಪಡ್ರೆಯ ನರಳಿಕೆಗೆ ಎರಡು ದಶಕವಾದರೂ ಏಕೆ ದೊರೆಯಲಿಲ್ಲ? ಇದಕ್ಕೆ ಆಡಳಿತದ ಉದಾಸೀನ ಒಂದು ಕಾರಣ. ರೋಗದ ಸ್ವಭಾವ ಇನ್ನೊಂದು ಕಾರಣ. ಸೋಂಕುರೋಗದಲ್ಲಿ ರೋಗಕಾರಕವನ್ನು ರೋಗಿಯ ದೇಹದಿಂದ ಬೇರ್ಪಡಿಸಿ ತೋರಿಸಬಹುದು. ಒಂದೇ ಬಗೆಯ ಲಕ್ಷಣಗಳು ಅಲ್ಪಕಾಲದಲ್ಲಿ ಅನೇಕರಲ್ಲಿ ಕಾಣಿಸುತ್ತವೆ. ವಿಷದ ದೀರ್ಘಕಾಲಿಕ ಪರಿಣಾಮ ಹಾಗಲ್ಲ: ಅದು ಒಬ್ಬರಲ್ಲಿ ಅಪಸ್ಮಾರವಾಗಿ, ಇನ್ನೊಬ್ಬರಲ್ಲಿ ಕಲಿಕೆಯ ಕುಂದಾಗಿ, ಮತ್ತೊಬ್ಬರಲ್ಲಿ ಹಾರ್ಮೋನಿನ ಏರುಪೇರಾಗಿ, ವರ್ಷಗಳ ಬಳಿಕ ಕಾಣಿಸಬಹುದು, ಅವುಗಳಲ್ಲಿ ಪ್ರತಿಯೊಂದೂ ಬೇರೆ ಕಾರಣದಿಂದಲೂ ಬರಬಹುದು. ಆದ್ದರಿಂದ ಇಲ್ಲಿ ಒಬ್ಬ ರೋಗಿಯನ್ನು ತೋರಿಸಿ ಸಂಬಂಧವನ್ನು ಸ್ಥಾಪಿಸಲಾಗದು. ವಿಷಕ್ಕೆ ಒಡ್ಡಿಕೊಂಡ ಜನಸಮುದಾಯವನ್ನು, ಉಳಿದೆಲ್ಲ ವಿಷಯಗಳಲ್ಲಿ ಅದನ್ನೇ ಹೋಲುವ ಆದರೆ ಒಡ್ಡಿಕೊಳ್ಳದ ಇನ್ನೊಂದು ಸಮುದಾಯದೊಂದಿಗೆ ಹೋಲಿಸಬೇಕು. ಅದಕ್ಕೆ ಬೇಕಾದ ಹಣ, ಪ್ರಯೋಗಾಲಯ, ಸಂಖ್ಯಾಶಾಸ್ತ್ರದ ಪರಿಣತಿ ಒಬ್ಬ ಹಳ್ಳಿ ವೈದ್ಯರಲ್ಲಿ ಇರುವುದಿಲ್ಲ.

2001ರಲ್ಲಿ ಪರಿಸ್ಥಿತಿ ಬದಲಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯಿಂದ ಸಂಗ್ರಹಿಸಿದ ರಕ್ತ, ನೀರು ಮೊದಲಾದ ಮಾದರಿಗಳಲ್ಲಿ ಎಂಡೋಸಲ್ಫಾನಿನ ಶೇಷಾಂಶವನ್ನು ಪತ್ತೆಹಚ್ಚಿ, ಆ ವರ್ಷದ ಫೆಬ್ರವರಿಯಲ್ಲಿ 'ಡೌನ್ ಟು ಅರ್ಥ್' ಪತ್ರಿಕೆಯಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯವನ್ನು ಕೈಗೆತ್ತಿಕೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗಸಂಸ್ಥೆಯಾದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಗೆ ಬಂತು. ಹೋಲಿಕೆಗಾಗಿ ತಂಡವು ವೈಮಾನಿಕ ಸಿಂಪಡಣೆ ನಡೆಯದ ಮೀಂಜ ಪಂಚಾಯತನ್ನು ಆರಿಸಿಕೊಂಡಿತು. 2002ರ ಅದರ ವರದಿ, ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಂದರೆ, ನರಸಂಬಂಧಿ ವರ್ತನೆಯ ದೋಷ, ಹೆಣ್ಣುಮಕ್ಕಳಲ್ಲಿ ಜನ್ಮಜಾತ ವೈಕಲ್ಯ ಹಾಗೂ ಗಂಡುಮಕ್ಕಳಲ್ಲಿ ಪ್ರಜನನಾಂಗದ ಬೆಳವಣಿಗೆಯ ತೊಂದರೆ ಹೆಚ್ಚಿರುವುದನ್ನು ದಾಖಲಿಸಿ, ಇದಕ್ಕೆ ಎಂಡೋಸಲ್ಫಾನ್ ಅತ್ಯಂತ ಸಂಭವನೀಯ ಕಾರಣವೆಂದು ಹೇಳಿತು.

ಸರಕಾರಿ ವರದಿಯನ್ನು ಕಪಾಟಿನಲ್ಲಿ ಇಟ್ಟುಬಿಡಬಹುದು. ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದುದನ್ನು ಹಾಗೆ ಮರೆಮಾಡುವುದು ಕಷ್ಟ. ಈ ಅಧ್ಯಯನದ ಒಂದು ಭಾಗ, ಹಬೀಬುಲ್ಲಾ ಸಯೀದ್ ಮತ್ತು ಸಹೋದ್ಯೋಗಿಗಳ ಹೆಸರಿನಲ್ಲಿ, ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆ 1972ರಿಂದ ನಡೆಸುತ್ತ ಬಂದ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್' ಪತ್ರಿಕೆಯ 111ನೆಯ ಸಂಪುಟದಲ್ಲಿ, 2003ರ ಡಿಸೆಂಬರ್ ಸಂಚಿಕೆಯ 1958ರಿಂದ 1962ರವರೆಗಿನ ಐದು ಪುಟಗಳಲ್ಲಿ ಪ್ರಕಟವಾಯಿತು. ಗೇರು ಗುಡ್ಡೆಯ ತಪ್ಪಲಿನ ಗ್ರಾಮದ, 10ರಿಂದ 19 ವರ್ಷದ 117 ಶಾಲಾ ಬಾಲಕರನ್ನು ಸಿಂಪಡಣೆ ಇಲ್ಲದ ಕಡೆಯ 90 ಬಾಲಕರೊಂದಿಗೆ ಅದು ಹೋಲಿಸಿತ್ತು. ಹರೆಯದ ದೈಹಿಕ ಬದಲಾವಣೆಗಳನ್ನು ಹಂತಹಂತವಾಗಿ ಗುರುತಿಸುವ ಟ್ಯಾನರ್ ಶ್ರೇಣಿಯ ಪ್ರಕಾರ ಬಾಲಕರ ಬೆಳವಣಿಗೆಯನ್ನು ಅಳೆಯಲಾಯಿತು. ಮೊದಲ ಗುಂಪಿನ 70, ಎರಡನೆಯ ಗುಂಪಿನ 47 ಬಾಲಕರ ರಕ್ತದಲ್ಲಿ ಹಾರ್ಮೋನುಗಳನ್ನೂ ಎಂಡೋಸಲ್ಫಾನಿನ ಶೇಷವನ್ನೂ ಪರೀಕ್ಷಿಸಲಾಯಿತು. ರಕ್ತದ್ರವದ ನೂರು ಕೋಟಿ ಭಾಗಗಳಲ್ಲಿ ಕೀಟನಾಶಕದ ಸರಾಸರಿ ಪಾಲು ಮೊದಲ ಗುಂಪಿನಲ್ಲಿ 7.47, ಎರಡನೆಯದರಲ್ಲಿ 1.37 ಇತ್ತು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ, ಸಿಂಪಡಣೆಗೆ ಒಡ್ಡಿಕೊಂಡ ಬಾಲಕರಲ್ಲಿ ಹರೆಯದ ಬೆಳವಣಿಗೆ ಹಿಂದುಳಿದಿರುವುದೂ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಪ್ರಮಾಣ ಕಡಿಮೆಯಿರುವುದೂ ಕಂಡುಬಂತು.

ಇದೇ ಲೇಖನದ ಇನ್ನೊಂದು ಅಂಕಿ ಸಂಶೋಧನಾ ಪತ್ರಿಕೆಯ ಶಿಸ್ತನ್ನು ಚೆನ್ನಾಗಿ ತೋರಿಸುತ್ತದೆ. ವೃಷಣಗಳು ಸರಿಯಾದ ಸ್ಥಾನಕ್ಕೆ ಇಳಿಯದಿರುವುದು ಮೊದಲಾದ ಜನ್ಮಜಾತ ದೋಷಗಳು ಮೊದಲ ಗುಂಪಿನಲ್ಲಿ ಶೇ. 5.1, ಎರಡನೆಯದರಲ್ಲಿ ಶೇ. 1.1 ಇದ್ದವು, ತಲೆಎಣಿಕೆಯಲ್ಲಿ 6 ಮತ್ತು 1. ಸಾಮಾನ್ಯ ಓದುಗರಿಗೆ ಇದು ಐದು ಪಟ್ಟು ಹೆಚ್ಚಳವೆಂದು ಕಾಣುತ್ತದೆ; ಆದರೆ ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಅಂತಹ ವ್ಯತ್ಯಾಸ ಕಾಕತಾಳೀಯವಾಗಿಯೂ ಬರಬಹುದಾದ್ದರಿಂದ, ಅದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ್ದಲ್ಲವೆಂದು ಲೇಖಕರೇ ಬರೆದರು. ಮಾದರಿ ಚಿಕ್ಕದು, ಪರೀಕ್ಷೆಗೆ ಎಲ್ಲರೂ ಒಪ್ಪಲಿಲ್ಲ ಎಂಬ ಮಿತಿಗಳನ್ನೂ ಅವರು ಮುಚ್ಚಿಡಲಿಲ್ಲ. ಎಂಡೋಸಲ್ಫಾನ್ ಹರೆಯವನ್ನು ತಡವಾಗಿಸಬಹುದು, ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗಬಹುದು ಎಂಬಷ್ಟಕ್ಕೆ ಅವರ ತೀರ್ಮಾನ ನಿಂತಿತು. ಈ ಮಿತವಾದ ಮಾತೇ ಅವರ ಲೇಖನದ ಬಲವಾಯಿತು.

2004ರಲ್ಲಿ ಅದೇ ಪತ್ರಿಕೆಯ ಪತ್ರವಿಭಾಗದಲ್ಲಿ ಆಕ್ಷೇಪಣೆಗಳು ಅಚ್ಚಾದವು. ಅಂಕಿಗಳು ಸರಿಯಿಲ್ಲ, ಹೇಳಬೇಕಾದ ಸಂಗತಿಗಳನ್ನು ಬಿಡಲಾಗಿದೆ ಎಂದು ಪತ್ರ ಬರೆದವರು ವಾದಿಸಿದರು. ಅವರಿಗೆ ಸಯೀದ್ ಕೊಟ್ಟ ಉತ್ತರವೂ ಜೊತೆಯಲ್ಲಿಯೇ ಪ್ರಕಟವಾಯಿತು. ಇದೇ ಅವಧಿಯಲ್ಲಿ ಭಾರತ ಸರಕಾರ ನೇಮಿಸಿದ್ದ ದುಬೆ ಸಮಿತಿಯೂ ಅನಂತರದ ಮಾಯಿ ಸಮಿತಿಯೂ ಕೀಟನಾಶಕಕ್ಕೂ ಕಾಸರಗೋಡಿನ ರೋಗಗಳಿಗೂ ಸಂಬಂಧ ಸ್ಥಾಪಿತವಾಗಿಲ್ಲವೆಂದು ಹೇಳಿದವು. ಎರಡೂ ಬಗೆಯ ವಿರೋಧಗಳ ನಡುವಿನ ವ್ಯತ್ಯಾಸ ಗಮನಾರ್ಹ. ಸಮಿತಿಗಳ ತೀರ್ಮಾನ ಆದೇಶದ ಬಲದಿಂದ ನಡೆಯುತ್ತದೆ. ಪತ್ರಿಕೆಯಲ್ಲಿ ಆಕ್ಷೇಪವೂ ಉತ್ತರವೂ ಒಂದೇ ಕಡೆ ಅಚ್ಚಾಗಿ, ಅಳತೆಯ ವಿವರಗಳೆಲ್ಲ ತೆರೆದಿರುವುದರಿಂದ, ಯಾವ ದೇಶದ ಓದುಗರಾದರೂ ತಾವೇ ತೂಗಿ ನೋಡಬಹುದು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಾಗತಿಕವಾಗಿ ತೊಡೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು.

ಗಡಿಯ ಈಚೆಗೆ, ಕರ್ನಾಟಕದಲ್ಲಿ, ಮನ್ನಣೆ ಇನ್ನೂ ತಡವಾಗಿ ಬಂತು. ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಸಂತ್ರಸ್ತರ ಹೋರಾಟದ ಫಲವಾಗಿ 2010ರಲ್ಲಿ ರಾಜ್ಯ ಸರಕಾರ ಮೊದಲು ಈ ಮೂರು ಗ್ರಾಮಗಳಿಗೆ ಪರಿಹಾರ ಘೋಷಿಸಿತು. ಮುಂದೆ ಸಮೀಕ್ಷೆಗಳು ವಿಸ್ತರಿಸಿ, ಪುತ್ತೂರು, ಸುಳ್ಯ, ಬಂಟ್ವಾಳ ತಾಲೂಕುಗಳಲ್ಲಿಯೂ ಸಂತ್ರಸ್ತರನ್ನು ಗುರುತಿಸಲಾಯಿತು. ಮಂಗನ ಕಾಯಿಲೆಗೆ ತುತ್ತಾಗಿದ್ದ ನಿಡ್ಲೆ, ಪಟ್ರಮೆಗಳೇ ಎಂಡೋಸಲ್ಫಾನ್ ಪಟ್ಟಿಯಲ್ಲಿಯೂ ಮೊದಲಿಗೆ ಬಂದದ್ದು ಆಕಸ್ಮಿಕವಲ್ಲ. ಕಾಡು ಕಡಿದು ಏಕಬೆಳೆಯ ತೋಪು ಮಾಡಿದ ನಿರ್ಧಾರದ ಎರಡು ಫಲಗಳನ್ನು ಒಂದೇ ಊರಿನವರು ಉಣ್ಣಬೇಕಾಯಿತು. ಕೊಕ್ಕಡದಲ್ಲಿಯೂ ಇಂದು ಕಡಬ ತಾಲೂಕಿಗೆ ಸೇರಿರುವ ಕೊಯಿಲದಲ್ಲಿಯೂ ಸಂತ್ರಸ್ತರಿಗಾಗಿ ಪಾಲನಾ ಕೇಂದ್ರಗಳು ಆರಂಭವಾದವು. ಹಗಲು ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಈ ಕೇಂದ್ರಗಳಿಂದ ಮನೆಯವರಿಗೆ ಕೂಲಿನಾಲಿಗೆ ಹೋಗಿ ಬರಲು ಬಿಡುವು ದೊರೆಯಿತು. ಆದರೆ ಹೆತ್ತವರ ಕಾಲಾನಂತರ ಈ ಮಕ್ಕಳಿಗೆ ಆಸರೆ ಯಾರು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಉಳಿದೇ ಇದೆ.

ಈ ಇತಿಹಾಸದಿಂದ ಹೊರಡುವ ತೀರ್ಮಾನ ನೇರವಾದುದು. ಸಂಶೋಧನಾ ಪತ್ರಿಕೆಯ ಬಲವಿರುವುದು ಅದರ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ. ಅದರ ದೌರ್ಬಲ್ಯವಿರುವುದು, ಪರೀಕ್ಷೆಗೆ ಒಡ್ಡಲು ಬೇಕಾದ ದಾಖಲೆಯನ್ನು ಅದು ತಾನಾಗಿ ಹುಟ್ಟಿಸಲಾರದು ಎಂಬುದರಲ್ಲಿ. ಆ ದಾಖಲೆ ಹುಟ್ಟಬೇಕಾದದ್ದು ವಾಣಿನಗರದಂತಹ ಊರಿನ ವೈದ್ಯರ ಮೇಜಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ, ಆಶಾ ಕಾರ್ಯಕರ್ತೆಯ ಮನೆಭೇಟಿಯಲ್ಲಿ. ಸಿಂಪಡಣೆ ಆರಂಭವಾಗುವ ಮೊದಲೇ ಈ ಸೀಮೆಯ ಪ್ರತಿ ಗ್ರಾಮದಲ್ಲಿ ಜನನ, ವೈಕಲ್ಯ ಮತ್ತು ದೀರ್ಘರೋಗಗಳ ನಂಬಲರ್ಹ ನೋಂದಣಿ ಇದ್ದಿದ್ದರೆ, ಸಿಂಪಡಣೆಯ ಮುಂಚಿನ ಮತ್ತು ಅನಂತರದ ಸ್ಥಿತಿಯನ್ನು ಹೋಲಿಸಲು ಎರಡು ದಶಕ ಕಾಯಬೇಕಿರಲಿಲ್ಲ. ಸುಳ್ಯದಲ್ಲಿ 2002ರಿಂದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಮಂಗಳೂರಿನಲ್ಲಿ ಹಲವು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಪ್ರತಿವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲು ವಿಷಯ ಹುಡುಕುತ್ತಾರೆ. ಪುತ್ತೂರು, ಸುಳ್ಯ, ಕಡಬದ ಗ್ರಾಮಗಳಲ್ಲಿ ಶಾಶ್ವತವಾದ ರೋಗ ನೋಂದಣಿಯನ್ನು ಆರಂಭಿಸಿ, ಅದರ ಫಲಿತಾಂಶವನ್ನು ಸಂಶೋಧನಾ ಪತ್ರಿಕೆಗಳಿಗೆ ಕಳುಹಿಸುವುದರ ಜೊತೆಗೆ, ಪರೀಕ್ಷೆಗೆ ರಕ್ತ ಕೊಟ್ಟ ಜನರಿಗೂ ಅವರ ಪಂಚಾಯತಿಗೂ ಕನ್ನಡದಲ್ಲಿ ತಿಳಿಸುವ ಹೊಣೆಯನ್ನು ಈ ಕಾಲೇಜುಗಳೂ ಜಿಲ್ಲಾಡಳಿತವೂ ಈಗಲಾದರೂ ವಹಿಸಿಕೊಳ್ಳಬೇಕು.